ಸ್ವಿಟ್ಜರ್ಲೆಂಡ್ ಮಾದರಿಯ ನಾಗರಿಕ ಸೇನೆ ಭಾರತಕ್ಕೆ ಹೊಂದುತ್ತದೆಯೇ?

ಪ್ರಶ್ನೆ: ಓದುಗ_ಹಾಸನ

2025ರ ಮೇ 6ರಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ಟೆರಿಟೋರಿಯಲ್ ಆರ್ಮಿಯ (ಬೇರೆ ಉದ್ಯೋಗದಲ್ಲಿ ಇದ್ದುಕೊಂಡೇ ಸೇವೆ ಸಲ್ಲಿಸುವವರ ಅರೆಕಾಲಿಕ ಸೇನೆ) ಅಧಿಕಾರಿಗಳನ್ನೂ ಸಿಬ್ಬಂದಿಯನ್ನೂ ಅಗತ್ಯ ಬಿದ್ದಂತೆ ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಅದರಲ್ಲಿ 32 ಕಾಲಾಳು ಬೆಟಾಲಿಯನ್‌ಗಳ ಪೈಕಿ 14ನ್ನು ನಿಯೋಜಿಸುವ ಮಾತಿತ್ತು. ಆಮೇಲಿಂದ ಎಲ್ಲಿ ನೋಡಿದರೂ ಒಂದೇ ವಾದ: ಮನೆಗೊಬ್ಬ ಸೈನಿಕ ಇರಬೇಕು, ಸ್ವಿಟ್ಜರ್ಲೆಂಡ್‌ನಲ್ಲಿ ಪ್ರತಿ ಮನೆಯಲ್ಲೂ ಬಂದೂಕಿದೆ, ಹಾಗಾಗಿಯೇ ಅವರ ತಂಟೆಗೆ ಯಾರೂ ಹೋಗುವುದಿಲ್ಲ.

ಪರ-ವಿರೋಧದ ಘೋಷಣೆ ಸಾಕಷ್ಟು ಓದಿಯಾಯಿತು. ತಿಳಿದವರಿಂದ ಬೇಕಾಗಿರುವುದು ವಿವರ. ಅಲ್ಲಿ ಯಾರನ್ನು, ಎಷ್ಟು ದಿನಕ್ಕೆ ಕರೆಯುತ್ತಾರೆ? ಆ ದಿನಗಳ ಸಂಬಳ ಯಾರು ಕೊಡುತ್ತಾರೆ? ಬಂದೂಕು, ಗುಂಡು ಎಲ್ಲಿರುತ್ತವೆ? ವ್ಯವಸ್ಥೆ ಎಲ್ಲಿ ಕೈಕೊಡುತ್ತದೆ? ನಮ್ಮ ಸಂವಿಧಾನದಲ್ಲಿ ಕಡ್ಡಾಯ ಸೇವೆಗೆ ಅವಕಾಶವಿದೆಯೇ? ಇದೆ ಎಂದಾದರೆ ಇಷ್ಟು ದೊಡ್ಡ ಜನಸಂಖ್ಯೆಗೆ ಅದು ನಡೆಯುವ ಮಾತೇ?

ಉತ್ತರ 1: ಆಲ್ಪ್ಸ್_ಟಿಪ್ಪಣಿ

ಮೊದಲು ಸಂಖ್ಯೆ ನೋಡೋಣ, ಏಕೆಂದರೆ 'ಮನೆಗೊಬ್ಬ ಸೈನಿಕ' ಎಂಬ ಕಲ್ಪನೆ ಅಲ್ಲೇ ಕರಗಿಹೋಗುತ್ತದೆ. ಸುಮಾರು 90 ಲಕ್ಷ ಜನಸಂಖ್ಯೆಯ ಸ್ವಿಟ್ಜರ್ಲೆಂಡ್‌ನಲ್ಲಿ ಸೇನೆಯ ನಿಗದಿತ ಬಲ 1 ಲಕ್ಷ. ಪಟ್ಟಿಯಲ್ಲಿರುವವರು ಹೆಚ್ಚೆಂದರೆ 1 ಲಕ್ಷ 40 ಸಾವಿರ. ಶೀತಲ ಸಮರದ ದಿನಗಳಲ್ಲಿ ಇದು 6 ಲಕ್ಷ ದಾಟಿತ್ತು; 1995ರ ಸುಧಾರಣೆಯಲ್ಲಿ 4 ಲಕ್ಷಕ್ಕೆ ಇಳಿಯಿತು, ಆಮೇಲೆ ಇನ್ನೂ ಕುಗ್ಗಿತು. ಅಂದರೆ ಮಾದರಿ ದೇಶವೇ ಮೂವತ್ತು ವರ್ಷಗಳಿಂದ ತನ್ನ ನಾಗರಿಕ ಸೇನೆಯನ್ನು ಸಣ್ಣದು ಮಾಡಿಕೊಂಡು ಬಂದಿದೆ.

ಅವರ ಸಂವಿಧಾನದ 58ನೇ ವಿಧಿಯ ಪ್ರಕಾರ ಸೇನೆಯ ರಚನೆ ಮೂಲತಃ ನಾಗರಿಕ ಸೇನೆಯದು. 59ನೇ ವಿಧಿಯಂತೆ ಪ್ರತಿ ಸ್ವಿಸ್ ಗಂಡಸಿಗೂ ಸೇವೆ ಕಡ್ಡಾಯ, ಹೆಂಗಸರಿಗೆ ಐಚ್ಛಿಕ. ನಡೆಯುವ ಕ್ರಮ ಹೀಗೆ. 18 ತುಂಬಿದ ಮೇಲೆ ಒಂದು ಮಾಹಿತಿ ದಿನ. ನಂತರ ಎರಡು-ಮೂರು ದಿನಗಳ ಆಯ್ಕೆ ಪರೀಕ್ಷೆ: ವೈದ್ಯಕೀಯ ತಪಾಸಣೆ, ಮಾನಸಿಕ ಪರೀಕ್ಷೆ, ಐದು ಬಗೆಯ ದೇಹಶಕ್ತಿ ಪರೀಕ್ಷೆ (ಭಾರದ ಚೆಂಡು ಎಸೆತ, ನಿಂತಲ್ಲಿಂದ ಜಿಗಿತ, ಒಂಟಿಗಾಲಿನ ಸಮತೋಲ, ಸೊಂಟ-ಹೊಟ್ಟೆಯ ಬಲ, ವೇಗ ಹೆಚ್ಚುತ್ತ ಹೋಗುವ ಓಟ). ಇದೇ ಹಂತದಲ್ಲಿ ಆ ವ್ಯಕ್ತಿಯ ಕೈಗೆ ಆಯುಧ ಕೊಟ್ಟರೆ ಅಪಾಯವಿದೆಯೇ ಎಂಬ ಹಿನ್ನೆಲೆ ತಪಾಸಣೆಯೂ ಆಗುತ್ತದೆ. ಈ ಕೊನೆಯದನ್ನು ನಮ್ಮಲ್ಲಿ ಚರ್ಚೆ ಮಾಡುವವರು ಮರೆತೇಬಿಡುತ್ತಾರೆ.

ಆಯ್ಕೆಯಾದವರಿಗೆ 18 ವಾರಗಳ ತರಬೇತಿ ಶಾಲೆ, ವರ್ಷಕ್ಕೆ ಎರಡು ತಂಡ. ಮೊದಲು ಎಲ್ಲರಿಗೂ ಸಮಾನವಾದ ಪಾಠ, ಆಮೇಲೆ ಅವರವರ ಕೆಲಸದ ಪಾಠ, ಕೊನೆಗೆ ತುಕಡಿಯಾಗಿ ಒಟ್ಟಿಗೆ ಅಭ್ಯಾಸ. ಅಲ್ಲಿಂದ ಮನೆಗೆ. ನಂತರದ ವರ್ಷಗಳಲ್ಲಿ ಆರು ಬಾರಿ, ಪ್ರತಿ ಸಲ ಮೂರು ವಾರ, ಲೆಕ್ಕದಲ್ಲಿ 19 ದಿನ, ಅದೇ ತುಕಡಿಗೆ ಮರಳಿ ಪುನರಭ್ಯಾಸ. ಸಾಮಾನ್ಯ ಸೈನಿಕನಿಗೆ ಒಟ್ಟು 245 ದಿನ. ಒಂದೇ ಸಲಕ್ಕೆ ಮುಗಿಸಿಬಿಡುತ್ತೇನೆ ಎನ್ನುವವರಿಗೆ 300 ದಿನಗಳ ದಾರಿಯೂ ಇದೆ, ಆದರೆ ಒಂದು ವರ್ಷದ ತಂಡದಲ್ಲಿ ಶೇ 15ಕ್ಕಿಂತ ಹೆಚ್ಚು ಮಂದಿಗೆ ಅದು ಸಿಗುವುದಿಲ್ಲ. ಕಾರಣ ಸರಳ: ಎಲ್ಲರೂ ಒಂದೇ ಸಲಕ್ಕೆ ಮುಗಿಸಿದರೆ ಮರಳಿ ಕರೆಯಲು ತುಕಡಿಯೇ ಉಳಿಯುವುದಿಲ್ಲ.

ಇಡೀ ಪದ್ಧತಿಯ ಜೀವಾಳ ಹಣದ ಏರ್ಪಾಡು. ಸೇವೆಯಲ್ಲಿರುವಷ್ಟು ದಿನ ಅದಕ್ಕೆ ಮುಂಚಿನ ಆದಾಯದ ಶೇ 80ರಷ್ಟನ್ನು ಪ್ರತ್ಯೇಕ ವಿಮಾ ನಿಧಿ ಕೊಡುತ್ತದೆ, ದಿನಕ್ಕೆ ಗರಿಷ್ಠ 220 ಫ್ರಾಂಕ್. ಈ ನಿಧಿಗೆ ಪ್ರತಿಯೊಬ್ಬರ ಸಂಬಳದ ಶೇ 0.5 ಹೋಗುತ್ತದೆ, ಅರ್ಧ ಕೆಲಸಗಾರನದು, ಅರ್ಧ ಮಾಲೀಕನದು. ಮಾಲೀಕ ಪೂರ್ತಿ ಸಂಬಳ ಕೊಟ್ಟಿದ್ದರೆ ನಿಧಿಯ ಹಣ ಅವನಿಗೆ ಸೇರುತ್ತದೆ. ಸೇವೆಯ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ. ಸೇವೆ 11 ದಿನ ಮೀರಿದರೆ ಅದರ ಹಿಂದಿನ ನಾಲ್ಕು ವಾರ, ಮುಂದಿನ ನಾಲ್ಕು ವಾರವೂ ರಕ್ಷಣೆ ಇದೆ. ಸೇವೆ ಮಾಡದವನು ತೆರಿಗೆಗೆ ಒಳಪಡುವ ಆದಾಯದ ಶೇ 3ನ್ನು, ಕನಿಷ್ಠ 400 ಫ್ರಾಂಕ್, ವರ್ಷವರ್ಷ ಕಟ್ಟಬೇಕು. ಮನಸ್ಸಾಕ್ಷಿ ಒಪ್ಪುವುದಿಲ್ಲ ಎನ್ನುವವರಿಗೆ 1996ರಿಂದ ಆಯುಧ ಹಿಡಿಯದ ನಾಗರಿಕ ಸೇವೆಯ ಆಯ್ಕೆ ಇದೆ, ಆದರೆ ಅವಧಿ ಒಂದೂವರೆ ಪಟ್ಟು.

ಇನ್ನು ಬಂದೂಕು. ಪುನರಭ್ಯಾಸಗಳ ನಡುವೆ ಸೈನಿಕ ತನ್ನ ರೈಫಲನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು. ಬೇಡವೆಂದರೆ ಶಸ್ತ್ರಾಗಾರದಲ್ಲೇ ಬಿಡಬಹುದು, ಅದಕ್ಕೆ ಶುಲ್ಕವಿಲ್ಲ. ಹಿಂದೆ 50 ಗುಂಡುಗಳ ಮುಚ್ಚಿದ ಡಬ್ಬಿಯನ್ನೂ ಮನೆಗೆ ಕೊಡುತ್ತಿದ್ದರು. 2007ರಲ್ಲಿ ಅದನ್ನು ನಿಲ್ಲಿಸಲು ತೀರ್ಮಾನಿಸಿ, ಕೊಟ್ಟಿದ್ದನ್ನು ವಾಪಸು ಪಡೆದರು. ಹಾಗಾಗಿ ಇವತ್ತು ಮನೆಯಲ್ಲಿರುವುದು ಸೇನೆಯ ಗುಂಡಿಲ್ಲದ ರೈಫಲ್. ಆಯುಧ ಹೊಂದಿದವರು ಆಗಸ್ಟ್ ಕೊನೆಯೊಳಗೆ ಶೂಟಿಂಗ್ ಸಂಘವೊಂದಕ್ಕೆ ಹೋಗಿ 300 ಮೀಟರ್ ದೂರದ ಗುರಿಗೆ 20 ಗುಂಡು ಹೊಡೆಯಬೇಕು. 85ಕ್ಕೆ 42 ಅಂಕ ಬರಬೇಕು, ಸೊನ್ನೆ ಮೂರಕ್ಕಿಂತ ಹೆಚ್ಚಿರಬಾರದು. ತಪ್ಪಿಸಿಕೊಂಡರೆ ಮತ್ತೊಂದು ಶಿಬಿರಕ್ಕೆ ಕರೆ ಬರುತ್ತದೆ. ಆಯುಧವನ್ನು ಮನೆಯಲ್ಲಿ ಇಡುವುದು ಬೇಡ ಎಂಬ ಪ್ರಸ್ತಾಪ 2011ರ ಫೆಬ್ರವರಿಯಲ್ಲಿ ಜನಮತಕ್ಕೆ ಹೋಗಿ ಶೇ 56ರಷ್ಟು ವಿರೋಧದಿಂದ ಬಿದ್ದುಹೋಯಿತು.

ಕೈಕೊಡುವುದು ಎಲ್ಲಿ ಅಂದರೆ, ಮೊದಲನೆಯದು ಅಧಿಕಾರಿಗಳ ಕೊರತೆ. ಅಲ್ಲಿ ಬೆಟಾಲಿಯನ್ ಕಮಾಂಡರ್ ಕೂಡ ಹೆಚ್ಚಾಗಿ ಬೇರೆ ಉದ್ಯೋಗದಲ್ಲಿರುವ ನಾಗರಿಕನೇ. ಮೇಲಿನ ಹುದ್ದೆ ಎಂದರೆ ಇನ್ನಷ್ಟು ತಿಂಗಳ ಸೇವೆ. ಒಂದು ಕಾಲದಲ್ಲಿ ಬ್ಯಾಂಕು, ಕಾರ್ಖಾನೆಗಳು ಸೇನಾ ಹುದ್ದೆಯನ್ನು ಬಡ್ತಿಗೆ ಅರ್ಹತೆ ಎಂದು ನೋಡುತ್ತಿದ್ದವು. ಈಗ ಕಂಪನಿಗಳಿಗೆ ಅದು ಗೈರುಹಾಜರಿ. ಎರಡನೆಯದು ಸೋರಿಕೆ: ತರಬೇತಿ ಮುಗಿಸಿದ ಮೇಲೂ ನಾಗರಿಕ ಸೇವೆಗೆ ಹಾರುವವರಿಂದ ಪರಿಣತರ ಜಾಗ ಖಾಲಿಯಾಗುತ್ತದೆ.

ಮೂರನೆಯದು, ಹಳೆಯ ತುರ್ತು ಕರೆಯ ಏರ್ಪಾಡನ್ನು ಶೀತಲ ಸಮರ ಮುಗಿದ ಮೇಲೆ ಕೈಬಿಟ್ಟರು; 2018ರ ಸುಧಾರಣೆಯಲ್ಲಿ ಮತ್ತೆ ಕಟ್ಟಬೇಕಾಯಿತು. ಈಗಿನ ಗುರಿ 10 ದಿನಗಳಲ್ಲಿ 35 ಸಾವಿರ ಮಂದಿಯನ್ನು ಸಕಲ ಸಲಕರಣೆಯೊಂದಿಗೆ ನಿಲ್ಲಿಸುವುದು. ಗಮನಿಸಿ, 10 ದಿನ. ನಮ್ಮ ಗಡಿಯಲ್ಲಿ ಬಾಲಾಕೋಟ್ ನಂತರದ ಘರ್ಷಣೆಯಾಗಲಿ 2025ರ ಮೇ ತಿಂಗಳದ್ದಾಗಲಿ ಅಷ್ಟು ದಿನ ನಡೆಯಲಿಲ್ಲ.

ಒಂದು ತಪ್ಪು ಉದಾಹರಣೆಯನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. 2014ರ ಫೆಬ್ರವರಿ 17ರಂದು ಅಪಹರಣವಾದ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ ಜಿನೀವಾದಲ್ಲಿ ಇಳಿಯಿತು. ಕಚೇರಿ ವೇಳೆ ಆಗಿರಲಿಲ್ಲವೆಂದು ಸ್ವಿಸ್ ಯುದ್ಧವಿಮಾನ ಏಳಲೇ ಇಲ್ಲ; ಬೆಂಗಾವಲಿಗೆ ಬಂದದ್ದು ಇಟಲಿ, ಫ್ರಾನ್ಸ್ ವಿಮಾನಗಳು. ನಾಗರಿಕ ಸೇನೆಯ ಸೋಲು ಎಂದು ಇದನ್ನು ತೋರಿಸುತ್ತಾರೆ. ಅಲ್ಲಿ ಯುದ್ಧವಿಮಾನ ಹಾರಿಸುವವರು ಪೂರ್ಣಾವಧಿ ವೃತ್ತಿಪರರು. ಕೊರತೆ ಇದ್ದದ್ದು 24 ಗಂಟೆ ಪಾಳಿಗೆ ಬೇಕಾದ ಹುದ್ದೆ ಮತ್ತು ಹಣದಲ್ಲಿ. 2020ರ ಡಿಸೆಂಬರ್ 31ರಿಂದ ದಿನವಿಡೀ ಸನ್ನದ್ಧವಾಗಿರುವ ಎರಡು ವಿಮಾನಗಳ ವ್ಯವಸ್ಥೆ ಇದೆ.

ಜನರ ಒಪ್ಪಿಗೆಯ ವಿಷಯದಲ್ಲಿ ಮಾತ್ರ ಅವರಿಂದ ಕಲಿಯಬೇಕಾದ್ದು ಬಹಳ ಇದೆ. 1989ರಲ್ಲಿ ಸೇನೆಯನ್ನೇ ರದ್ದುಮಾಡುವ ಪ್ರಸ್ತಾಪಕ್ಕೆ ಶೇ 35.6 ಮತ ಬಿದ್ದಿತ್ತು. 2013ರಲ್ಲಿ ಕಡ್ಡಾಯ ಸೇವೆ ರದ್ದತಿಯನ್ನು ಶೇ 73 ಮಂದಿ ತಿರಸ್ಕರಿಸಿದರು. ಮತ್ತೆಮತ್ತೆ ಕೇಳಿ, ಮತ್ತೆಮತ್ತೆ ಒಪ್ಪಿಗೆ ಪಡೆದು ನಡೆಸುತ್ತಿರುವ ವ್ಯವಸ್ಥೆ ಅದು.

ಉತ್ತರ 2: ಉತ್ತರದ_ಹಾದಿ

ಮೇಲಿನವರು ಹೇಳಿದ್ದಕ್ಕೆ ನನ್ನ ತಕರಾರು ಒಂದೇ: ಭಾರತದಂಥ, ಬಲವಾದ ನೆರೆಯವರಿರುವ ದೇಶ ಸ್ವಿಟ್ಜರ್ಲೆಂಡ್ ನೋಡುವುದಕ್ಕಿಂತ ಫಿನ್ಲೆಂಡ್ ನೋಡಬೇಕು. ರಷ್ಯಾದೊಂದಿಗೆ 1,340 ಕಿಲೋಮೀಟರ್ ಗಡಿ, ಜನಸಂಖ್ಯೆ ಸುಮಾರು 56 ಲಕ್ಷ. ಸೇವೆ 165, 255 ಅಥವಾ 347 ದಿನ. ಸಾಮಾನ್ಯ ಕೆಲಸಕ್ಕೆ ಕಡಿಮೆ. ಅಧಿಕಾರಿ, ಹವಾಲ್ದಾರ್ ಮಟ್ಟಕ್ಕೆ ತರಬೇತಾಗುವವರಿಗೆ ಪೂರ್ತಿ 347. ಯುದ್ಧ ಬಂದರೆ ನಿಲ್ಲಿಸುವ ಬಲ 2 ಲಕ್ಷ 80 ಸಾವಿರ. ತರಬೇತಿ ಪಡೆದ ಮೀಸಲು ಒಟ್ಟು 8 ಲಕ್ಷ 70 ಸಾವಿರ.

ಇಲ್ಲಿ ರೈಫಲ್ ಮನೆಗೆ ಹೋಗುವುದಿಲ್ಲ. ಬಂದೂಕು, ಚಳಿ ಉಡುಪು, ರೇಡಿಯೋ, ವಾಹನ ಎಲ್ಲವೂ ದೇಶದ ಉದ್ದಗಲಕ್ಕೆ ಹರಡಿರುವ ಉಗ್ರಾಣಗಳಲ್ಲಿ ಇರುತ್ತವೆ. ಪ್ರತಿಯೊಬ್ಬನಿಗೂ ಸೇವೆ ಮುಗಿಯುವಾಗಲೇ ಯುದ್ಧಕಾಲದ ಜಾಗ ಗೊತ್ತುಮಾಡಿರುತ್ತಾರೆ: ಇಂಥ ತುಕಡಿ, ಇಂಥ ಕೆಲಸ. ಮೀಸಲಿನಲ್ಲಿರುವಷ್ಟು ಕಾಲ ಪುನರಭ್ಯಾಸಕ್ಕೆ ಕಾನೂನಿನ ಮಿತಿ ಇದೆ: ಸಿಪಾಯಿಗೆ ಒಟ್ಟು 80 ದಿನ, ವಿಶೇಷ ತರಬೇತಿಯವರಿಗೆ 150, ಅಧಿಕಾರಿ ಮತ್ತು ಹವಾಲ್ದಾರ್ ಮಟ್ಟದವರಿಗೆ 200. ಮೇಲಿನವರಿಗೆ ಯಾಕೆ ಹೆಚ್ಚು ದಿನ ಎಂಬುದರಲ್ಲೇ ಮರ್ಮ ಇದೆ. ಬಂದೂಕು ಬಿಚ್ಚಿ ಜೋಡಿಸುವುದು ಕೈಗೆ ಹತ್ತಿದರೆ ಬೇಗ ಮರೆಯದು. ನೂರು ಮಂದಿಯನ್ನು ರಾತ್ರಿ ಹೊತ್ತು ಸರಿಯಾದ ಜಾಗಕ್ಕೆ ತಲುಪಿಸುವುದು, ಫಿರಂಗಿಗೆ ಗುರಿ ಹೇಳುವುದು, ಗಾಯಗೊಂಡವರನ್ನು ಹಿಂದಕ್ಕೆ ಸಾಗಿಸುವುದು, ಇವು ಎರಡು ವರ್ಷ ಬಿಟ್ಟರೆ ಕೈತಪ್ಪುತ್ತವೆ. ನಾಗರಿಕ ಸೇನೆಗಳು ಸೋತಲ್ಲೆಲ್ಲ ಸಿಪಾಯಿಯ ಧೈರ್ಯಕ್ಕಿಂತ ಮೊದಲು ಸೋತದ್ದು ಈ ನಡುವಿನ ಮೆಟ್ಟಿಲು.

ಅಮೆರಿಕದ ಇತಿಹಾಸ ಇದಕ್ಕೆ ಸಾಕ್ಷಿ. 1792ರ ಕಾಯ್ದೆ ಪ್ರಕಾರ 18ರಿಂದ 45ರ ಬಿಳಿಯ ಗಂಡಸರು ತಮ್ಮದೇ ಖರ್ಚಿನಲ್ಲಿ ಬಂದೂಕು ತಂದು ಸೇರಬೇಕಿತ್ತು. ಸರ್ಕಾರದ್ದು ಹಣವಿಲ್ಲ, ಏಕರೂಪದ ತರಬೇತಿಯಿಲ್ಲ. 1812ರ ಅಕ್ಟೋಬರ್ 13ರಂದು ಬ್ರಿಟಿಷರ ಎದುರಿನ ಕ್ವೀನ್‌ಸ್ಟನ್ ಹೈಟ್ಸ್ ಕದನದಲ್ಲಿ ನ್ಯೂಯಾರ್ಕ್‌ನ ನಾಗರಿಕ ಸೈನಿಕರು ನಯಾಗರಾ ನದಿ ದಾಟಲು ಒಪ್ಪಲಿಲ್ಲ. ತಮ್ಮ ಕರ್ತವ್ಯ ಸ್ವಂತ ನೆಲದ ರಕ್ಷಣೆಗೆ ಮಾತ್ರ ಎಂದರು. ಆಚೆ ದಡ ಸೇರಿದ್ದವರು ಸಿಕ್ಕಿಬಿದ್ದರು. 1814ರ ಆಗಸ್ಟ್ 24ರಂದು ಬ್ಲೇಡನ್ಸ್‌ಬರ್ಗ್‌ನಲ್ಲಿ ಸಾಲು ಮುರಿದು ಓಡಿದರು, ಅದೇ ದಿನ ವಾಷಿಂಗ್ಟನ್‌ಗೆ ಬೆಂಕಿ ಬಿತ್ತು. ಆ ಪದ್ಧತಿಗೆ ಮದ್ದು ಸಿಕ್ಕಿದ್ದು 1903ರ ಕಾಯ್ದೆಯಿಂದ: ಕೇಂದ್ರದ ಹಣ, ಸೇನೆಯ ಮಟ್ಟದ ಆಯುಧ, ಅದಕ್ಕೆ ಬದಲಾಗಿ ವರ್ಷಕ್ಕೆ 24 ಕವಾಯತು ಮತ್ತು 5 ದಿನಗಳ ಶಿಬಿರ. ಅದೂ ಸಾಲದೆಂದು 1916ರಲ್ಲಿ 48 ಕವಾಯತು, 15 ದಿನ ಮಾಡಿದರು. ಅಮೆರಿಕದ ಇವತ್ತಿನ ಅರೆಕಾಲಿಕ ಪಡೆ ನ್ಯಾಷನಲ್ ಗಾರ್ಡ್ ನಿಂತಿರುವುದು ಆ ಅಡಿಪಾಯದ ಮೇಲೆ.

'ನಮ್ಮೂರು ಬಿಟ್ಟು ಹೋಗೆವು' ಎಂಬ ತೊಡಕು ಉಕ್ರೇನಿನಲ್ಲೂ ಬಂತು. ಅವರ ಪ್ರಾದೇಶಿಕ ರಕ್ಷಣಾ ಪಡೆ ಹೊಸ ಕಾಯ್ದೆಯಡಿ ಶುರುವಾದದ್ದು 2022ರ ಜನವರಿ 1ರಂದು, ಅಂದರೆ ಆಕ್ರಮಣಕ್ಕೆ ಎರಡು ತಿಂಗಳೂ ಇರಲಿಲ್ಲ. ಸೇತುವೆ ಕಾವಲು, ತಪಾಸಣಾ ಗೇಟು, ಊರಿನ ದಾರಿ ಗೊತ್ತಿರುವುದು: ಇದರಲ್ಲೆಲ್ಲ ಅವರು ತುಂಬ ಉಪಯೋಗಕ್ಕೆ ಬಂದರು. ಮೇ ತಿಂಗಳಲ್ಲಿ ಕಾನೂನು ತಿದ್ದಿ ಅವರನ್ನು ಬೇರೆ ಪ್ರಾಂತ್ಯದ ಮುಂಚೂಣಿಗೂ ಕಳಿಸಲು ಅವಕಾಶ ಮಾಡಿದರು. ಭಾರಿ ಆಯುಧ ಕಡಿಮೆ ಇದ್ದ ತುಕಡಿಗಳು ಫಿರಂಗಿ ಕದನಕ್ಕೆ ಸಿಕ್ಕಿ ದೊಡ್ಡ ಬೆಲೆ ತೆತ್ತವು. ಪಡೆ ಕಟ್ಟುವ ಮೊದಲೇ ಅದು ಕಾವಲಿಗೋ ಕದನಕ್ಕೋ ಎಂಬುದನ್ನು ಬರೆದಿಡಬೇಕು, ಆಯುಧ ಅದಕ್ಕೆ ತಕ್ಕ ಹಾಗೆ ಕೊಡಬೇಕು.

ಉತ್ತರ 3: ಕಾಯ್ದೆ_ಪುಟ

ಕಾನೂನಿನ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಸಂವಿಧಾನದ 23(1) ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. 23(2) ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ಹೇರಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ಷರತ್ತು ಇಷ್ಟೇ: ಧರ್ಮ, ಜನಾಂಗ, ಜಾತಿ, ವರ್ಗದ ಆಧಾರದ ಮೇಲಷ್ಟೇ ತಾರತಮ್ಯ ಮಾಡುವಂತಿಲ್ಲ. ಕರೆ ಬಂದಾಗ ದೇಶ ಕಾಯುವುದು 51ಎ(ಡಿ) ಪ್ರಕಾರ ಮೂಲಭೂತ ಕರ್ತವ್ಯ. ಸಂಸತ್ತು ಮನಸ್ಸು ಮಾಡಿದರೆ ಕಾನೂನು ಅಡ್ಡ ಬರುವುದಿಲ್ಲ.

ಅಡ್ಡ ಬರುವುದು ಲೆಕ್ಕ. ನಮ್ಮಲ್ಲಿ ವರ್ಷಕ್ಕೆ ಸುಮಾರು 1.2 ಕೋಟಿ ಹುಡುಗರಿಗೆ 18 ತುಂಬುತ್ತದೆ. ಸ್ವಿಸ್ ಕ್ರಮದಂತೆ ಎರಡು ತಂಡ ಎಂದರೂ ಒಂದೇ ಹೊತ್ತಿಗೆ ಶಿಬಿರದಲ್ಲಿ 60 ಲಕ್ಷ ಮಂದಿ. ಹತ್ತು ಜನಕ್ಕೊಬ್ಬ ಹವಾಲ್ದಾರ್ ಬೇಕೆಂದರೆ 6 ಲಕ್ಷ ಬೋಧಕರು. ನಮ್ಮ ಭೂಸೇನೆಯ ಒಟ್ಟು ಬಲವೇ 12 ಲಕ್ಷದ ಆಸುಪಾಸು. ಅರ್ಧ ಸೇನೆಯನ್ನು ಪಾಠ ಹೇಳಲು ಕೂರಿಸಿದರೆ ಗಡಿ ಕಾಯುವವರು ಯಾರು? ಎಲ್ಲರಿಗೂ ಕಡ್ಡಾಯ ಎಂಬ ವಾದ ನನ್ನ ಮಟ್ಟಿಗೆ ಇಲ್ಲಿಗೇ ಮುಗಿಯಿತು. ಚೀಟಿ ಎತ್ತಿ ನೂರಕ್ಕೊಬ್ಬರನ್ನು ಕರೆಯುವುದಾದರೆ ಉಳಿದ 99 ಮಂದಿ ಏನು ಕೊಡುತ್ತಾರೆ ಎಂಬ ನ್ಯಾಯದ ಪ್ರಶ್ನೆ ಏಳುತ್ತದೆ. ಸ್ವಿಸ್ ರೀತಿಯ ಶೇ 3 ತೆರಿಗೆಯನ್ನು ಆದಾಯ ತೆರಿಗೆಯ ವ್ಯಾಪ್ತಿಗೇ ಬಾರದ ಬಹುಸಂಖ್ಯಾತರಿಂದ ವಸೂಲು ಮಾಡುವ ದಾರಿ ಇಲ್ಲ. ಸಂಬಳದ ಚೀಟಿಯಿಲ್ಲದ ಗಾರೆ ಕೆಲಸದವನಿಗೆ, ಗೇಣಿ ರೈತನಿಗೆ 'ಹಿಂದಿನ ಆದಾಯದ ಶೇ 80' ಎಷ್ಟೆಂದು ಯಾರು ಗೊತ್ತುಮಾಡುವುದು?

ಕಡ್ಡಾಯ ಮಾಡಿ ನೋಡಿದ ಅನುಭವವೂ ನಮಗಿದೆ. 1962ರ ಚೀನಾ ಯುದ್ಧದ ಮರುವರ್ಷ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು. 1968ರಲ್ಲಿ ಮತ್ತೆ ಐಚ್ಛಿಕವಾಯಿತು. ವಿದ್ಯಾರ್ಥಿಗಳ ಸಂಖ್ಯೆ ಉಬ್ಬಿದಷ್ಟು ಬೋಧಕರು, ರೈಫಲ್, ಸಮವಸ್ತ್ರ ಉಬ್ಬುವುದಿಲ್ಲ. ಕವಾಯತು ಬರೀ ಹಾಜರಿಯಾಗುತ್ತದೆ.

ಹೊಂದುವ ಚೌಕಟ್ಟು ನಮ್ಮ ಕೈಯಲ್ಲೇ ಇದೆ: ಟೆರಿಟೋರಿಯಲ್ ಆರ್ಮಿ. 1948ರ ಕಾಯ್ದೆ, 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಾಜಿಯವರಿಂದ ಉದ್ಘಾಟನೆ. 18ರಿಂದ 42 ವಯಸ್ಸು, ಬೇರೆ ಉದ್ಯೋಗ ಇರಲೇಬೇಕು. ಕಾಲಾಳು ತುಕಡಿಯವರಿಗೆ ವರ್ಷಕ್ಕೆ ಎರಡು ತಿಂಗಳ ತರಬೇತಿ, ರೈಲ್ವೆ ಮತ್ತು ತೈಲ ಕಂಪನಿಗಳ ಇಲಾಖಾ ತುಕಡಿಗಳಿಗೆ ಒಂದು ತಿಂಗಳು. ಕರೆಸಿಕೊಂಡ ಅವಧಿಯಲ್ಲಿ ಕಾಯಂ ಸೇನೆಯ ದರದ ಸಂಬಳ, ಭತ್ಯೆ. ಸೇವೆಗೆ ಹೋದವನನ್ನು ಮಾಲೀಕ ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂಬ ನಿಯಮವೂ ಕಾಯ್ದೆಯಲ್ಲಿದೆ. ಆದಾಯ ಲೆಕ್ಕ ಹಾಕುವ ತಲೆನೋವಿಗೆ ಈ ನೇರ ಸಂಬಳವೇ ಪರಿಹಾರ. ಇಂದು ಅದರ ಬಲ ಸುಮಾರು 40 ಸಾವಿರ, ಅದರಲ್ಲೂ ಎಷ್ಟೋ ತುಕಡಿಗಳು ವರ್ಷಗಟ್ಟಲೆ ಪೂರ್ಣಾವಧಿ ನಿಯೋಜನೆಯಲ್ಲೇ ಇರುತ್ತವೆ. ಹೆಸರಿಗೆ ಅರೆಕಾಲಿಕ, ಕೆಲಸದಲ್ಲಿ ಕಾಯಂ. ತುರ್ತಿಗೆ ಕರೆಯಲು ಉಳಿಯುವವರು ಹಾಗಾಗಿ ಇನ್ನೂ ಕಡಿಮೆ.

ಬೆಳೆಸಲು ಜನ ಎಲ್ಲಿಂದ ಎಂದರೆ, ಅಗ್ನಿಪಥದಿಂದ. 2022ರಲ್ಲಿ ಬಂದ ಯೋಜನೆಯ ಮೊದಲ ತಂಡ ನಾಲ್ಕು ವರ್ಷ ಮುಗಿಸುವುದು 2026ರ ಕೊನೆಯ ಹೊತ್ತಿಗೆ. ಯೋಜನೆಯ ನಿಯಮದಂತೆ ಕಾಯಂ ಆಗುವವರು ಶೇ 25ರವರೆಗೆ, ಉಳಿದವರು ಮನೆಗೆ. ಆ ವೇಳೆಗೆ ಅವರ ಕೈಗೆ ಸಿಯಾಚಿನ್‌ನಿಂದ ಮರುಭೂಮಿಯವರೆಗೆ ಅನುಭವ ಇರುತ್ತದೆ, ವಯಸ್ಸು ಇಪ್ಪತ್ತೈದರ ಆಸುಪಾಸು. ಹೊಸಬನಿಗೆ 18 ವಾರ ಕಲಿಸುವ ಖರ್ಚೇ ಇಲ್ಲ. ಇವರಲ್ಲಿ ಒಪ್ಪುವವರನ್ನು ಜಿಲ್ಲಾವಾರು ಟೆರಿಟೋರಿಯಲ್ ತುಕಡಿಗೆ ಬರೆದುಕೊಂಡು, ಏಳೆಂಟು ವರ್ಷ, ವರ್ಷಕ್ಕೆ ಮೂರು ವಾರ ಕರೆಯಬೇಕು. ನಾಗರಿಕ ಸೇನೆಯ ನಿಜವಾದ ಭಾರತೀಯ ರೂಪ ಇದು ಎಂದು ನಾನು ನಂಬಿದ್ದೇನೆ.

ಮರುಪ್ರಶ್ನೆ: ಓದುಗ_ಹಾಸನ

ಮೂವರಿಗೂ ಧನ್ಯವಾದ. ಎರಡು ಅನುಮಾನ ಉಳಿದಿವೆ. ಗಡಿ ಹಳ್ಳಿಗಳಲ್ಲಿ ಊರವರಿಗೇ ಬಂದೂಕು ಕೊಟ್ಟ ಪ್ರಯೋಗಗಳು ನಮ್ಮಲ್ಲೂ ನಡೆದಿವೆಯಲ್ಲ, ಅವುಗಳ ಪಾಠ ಏನು? ಕೊಡಗಿನಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕನ್ನು ಕೆಲವರು ನಾಗರಿಕ ಸೇನೆಯ ಉಳಿಕೆ ಎನ್ನುತ್ತಾರೆ. ಸರಿಯೇ?

ಉತ್ತರ 4: ಕೋವಿ_ಕಣಿವೆ

ಕೊಡಗಿನದನ್ನು ಮೊದಲು ಹೇಳುತ್ತೇನೆ. ಹಾಲೇರಿ ಅರಸರ ಕಾಲದ ಜಮ್ಮಾ ಹಿಡುವಳಿ ಎಂದರೆ ಕಡಿಮೆ ಕಂದಾಯದ ಭೂಮಿ, ಅದಕ್ಕೆ ಪ್ರತಿಯಾಗಿ ಅರಸನ ಕರೆ ಬಂದಾಗ ಆಯುಧ ಹಿಡಿದು ಹಾಜರಾಗುವ ಹೊಣೆ. ಭೂಮಿಯೇ ಸಂಬಳ, ಒಕ್ಕಲೇ ಸಿಪಾಯಿ: ಅದು ನಿಜಕ್ಕೂ ನಾಗರಿಕ ಸೇನೆಯ ಒಂದು ಏರ್ಪಾಡು. ಈಗ ಉಳಿದಿರುವುದು ಆಯುಧದ ಭಾಗ ಮಾತ್ರ. ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ನಿಯಮದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. 2019ರ ಅಧಿಸೂಚನೆ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ ನಡೆಯುತ್ತದೆ. ಆದರೆ ತುಕಡಿ, ಕರೆ, ಕಮಾಂಡರ್ ಯಾವುದೂ ಇಲ್ಲ. ಇವಿಲ್ಲದ ಮೇಲೆ ಅದು ಗೌರವದ ಪರಂಪರೆ, ಸೇನೆಯಲ್ಲ. ಕೊಡಗು ದೇಶಕ್ಕೆ ಸೈನಿಕರನ್ನು ಕೊಟ್ಟದ್ದು ಕಾಯಂ ಸೇನೆಯ ಮೂಲಕ. ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಬಂದದ್ದು ಆ ಹಾದಿಯಲ್ಲೇ.

ಹಳ್ಳಿಗೆ ಬಂದೂಕು ಕೊಟ್ಟ ಪ್ರಯೋಗಗಳಲ್ಲಿ ಜಮ್ಮು ಭಾಗದ ಗ್ರಾಮ ರಕ್ಷಣಾ ಸಮಿತಿಗಳು ಹಳೆಯವು, 1995ರ ಸುಮಾರಿಗೆ ಶುರುವಾದವು. ಗುಡ್ಡಗಾಡಿನಲ್ಲಿ ಪೊಲೀಸರು ತಲುಪಲು ಗಂಟೆಗಟ್ಟಲೆ ಬೇಕಾದ ಊರುಗಳಿಗೆ .303 ರೈಫಲ್ ಕೊಟ್ಟರು. ದಾಳಿಕೋರನ ಕೈಯಲ್ಲಿ ಎಕೆ, ಊರವನ ಕೈಯಲ್ಲಿ ಒಂದೊಂದೇ ಗುಂಡಿಗೆ ಬೋಲ್ಟ್ ಎಳೆಯಬೇಕಾದ ಹಳೆಯ ರೈಫಲ್. ಆದರೂ ಎಷ್ಟೋ ಊರು ಖಾಲಿಯಾಗದೆ ಉಳಿದದ್ದು ಇವರಿಂದ. ಇನ್ನೊಂದು ಮುಖವೂ ಇದೆ. ಸದಸ್ಯರ ಮೇಲೆ ಕೊಲೆ, ಅತ್ಯಾಚಾರದಂಥ ಗಂಭೀರ ಆರೋಪದ ಮೊಕದ್ದಮೆಗಳು ದಾಖಲಾದವು. 2022ರಲ್ಲಿ ಯೋಜನೆಯನ್ನು ಪರಿಷ್ಕರಿಸಿ ಗ್ರಾಮ ರಕ್ಷಣಾ ಗಾರ್ಡ್ ಎಂದು ಮಾಡಿದರು. ತಿಂಗಳಿಗೆ 4,000 ಅಥವಾ 4,500 ರೂಪಾಯಿ, ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಯ ಕೈಕೆಳಗೆ. 2023ರ ಜನವರಿಯ ಢಾಂಗ್ರಿ (ರಜೌರಿ ಜಿಲ್ಲೆಯ ಹಳ್ಳಿ) ದಾಳಿಯ ನಂತರ ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಿಲ್ಲದ ಎಸ್‌ಎಲ್‌ಆರ್ ರೈಫಲ್ ಕೊಡಲು ತೊಡಗಿದರು.

ಛತ್ತೀಸಗಢದ ಸಲ್ವಾ ಜುಡುಂ ಇದಕ್ಕಿಂತ ಕಠೋರ ಪಾಠ. 2005ರಿಂದ ಆದಿವಾಸಿ ಯುವಕರನ್ನು ವಿಶೇಷ ಪೊಲೀಸ್ ಅಧಿಕಾರಿ ಎಂಬ ಹೆಸರಿನಲ್ಲಿ ಸೇರಿಸಿಕೊಂಡು, ಐದನೇ ತರಗತಿ ಓದಿದವರಿಗೂ ಎರಡು ತಿಂಗಳ ತರಬೇತಿ ಕೊಟ್ಟು, ತಿಂಗಳಿಗೆ 3,000 ರೂಪಾಯಿ ಗೌರವಧನದ ಮೇಲೆ ನಕ್ಸಲರ ಎದುರು ನಿಲ್ಲಿಸಿದ್ದರು. 2011ರ ಜುಲೈ 5ರಂದು ಸುಪ್ರೀಂ ಕೋರ್ಟ್ ಇದು 14 ಮತ್ತು 21ನೇ ವಿಧಿಗಳ ಉಲ್ಲಂಘನೆ ಎಂದು ತೀರ್ಪಿತ್ತು, ಕೊಟ್ಟ ಬಂದೂಕುಗಳನ್ನು ವಾಪಸು ಪಡೆಯಲು ಆದೇಶಿಸಿತು. ನ್ಯಾಯಾಲಯದ ಕಳವಳ ಬಹಳ ಪ್ರಾಯೋಗಿಕವಾಗಿತ್ತು: ಪೂರ್ಣ ತರಬೇತಿ ಇಲ್ಲದವನನ್ನು ಬಲಿಗೊಡುವುದು ಒಂದು ಕಡೆ, ಕೆಲಸ ಮುಗಿದ ಮೇಲೆ ಬಂದೂಕು ಬಿಟ್ಟುಕೊಟ್ಟರೆ ಅವನ ಪ್ರಾಣಕ್ಕೆ ಯಾರು ಹೊಣೆ ಎಂಬುದು ಇನ್ನೊಂದು ಕಡೆ. ಇನ್ನು 2023ರ ಮೇ ತಿಂಗಳಿಂದ ಮಣಿಪುರದಲ್ಲಿ ಪೊಲೀಸ್ ಶಸ್ತ್ರಾಗಾರಗಳಿಂದ ಸಾವಿರಾರು ಆಯುಧ ಲೂಟಿಯಾಗಿ, ಮೈತೇಯಿ, ಕುಕಿ ಎರಡೂ ಸಮುದಾಯಗಳಲ್ಲಿ ಗ್ರಾಮ ಸ್ವಯಂಸೇವಕರ ಹೆಸರಿನಲ್ಲಿ ಸಶಸ್ತ್ರ ಗುಂಪುಗಳು ಎದ್ದು ನಿಂತವು. ಒಂದೇ ಸಮುದಾಯದಿಂದ ಕಟ್ಟಿದ ಪಡೆ ಮೊದಲು ತಿರುಗುವುದು ಪಕ್ಕದ ಊರಿನ ಕಡೆಗೆ.

ಆದ್ದರಿಂದ ಪಡೆ ಬೆಳೆಸುವುದಾದರೆ ಆಯುಧ ಮನೆಗೆ ಬೇಡ, ಫಿನ್ಲೆಂಡ್ ದಾರಿಯೇ ಸರಿ. ರೈಫಲ್ ಒಂದು ಕೊಠಡಿ, ಬೋಲ್ಟ್ ಇನ್ನೊಂದು ಕೊಠಡಿ, ಗುಂಡು ಬೇರೆ ಕಟ್ಟಡ. ಎರಡು ಬೀಗ, ಕೀಲಿ ಇಬ್ಬರ ಕೈಯಲ್ಲಿ. ವಾರಕ್ಕೊಮ್ಮೆ ನಂಬರ್ ಹಿಡಿದು ಎಣಿಕೆ. ಕಾವಲು ಸೇನೆಯದು, ಸ್ಥಳೀಯ ಠಾಣೆಯದ್ದಲ್ಲ. ತುಕಡಿಯಲ್ಲಿ ಜಿಲ್ಲೆಯ ಎಲ್ಲ ಜಾತಿ, ಧರ್ಮದವರೂ ಬೆರೆತಿರಬೇಕು. ಗಲಭೆ ಹತ್ತಿಕ್ಕಲು ಇವರನ್ನು ಸ್ವಂತ ಜಿಲ್ಲೆಯಲ್ಲಿ ಬಳಸಬಾರದು.

ಉತ್ತರ 5: ಮೂರನೆಯ_ಸಾಲು

ಎಲ್ಲರೂ ಬಂದೂಕಿನ ಸುತ್ತಲೇ ನಿಂತಿರಿ. ದೇಶದ ರಕ್ಷಣೆಗೆ ಸಾಮಾನ್ಯ ಜನ ಹೆಚ್ಚು ಬೇಕಾಗುವುದು ಬೆಂಕಿ ಆರಿಸಲು, ಕುಸಿದ ಕಟ್ಟಡದಿಂದ ಜನ ತೆಗೆಯಲು, ರಕ್ತ, ನೀರು, ವಿದ್ಯುತ್ತು ಸರಿದೂಗಿಸಲು. ಸ್ವಿಟ್ಜರ್ಲೆಂಡ್‌ನಲ್ಲಿ ಜನಸಂಖ್ಯೆಗೆ ಸಾಲುವಷ್ಟು ಬಾಂಬ್ ಆಶ್ರಯ ತಾಣಗಳಿವೆ, ಅದನ್ನು ನೋಡಿಕೊಳ್ಳಲು ಸೇನೆಯಲ್ಲದ ಬೇರೆ ಸೇವೆಯಿದೆ. 2025ರ ಮೇ 7ರಂದು ನಮ್ಮಲ್ಲಿ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ಅಣಕು ಕಾರ್ಯಾಚರಣೆ ನಡೆಸಲು ಕೇಂದ್ರ ಸೂಚಿಸಿತು. ಕರ್ನಾಟಕದ ಪಟ್ಟಿಯಲ್ಲಿ ಇದ್ದವು ಬೆಂಗಳೂರು, ಕಾರವಾರ, ರಾಯಚೂರು; ಕೊನೆಯ ಎರಡು ನೌಕಾನೆಲೆ, ಕೈಗಾ ಅಣುಸ್ಥಾವರ, ಶಾಖೋತ್ಪನ್ನ ಕೇಂದ್ರ ಇರುವ ಕಡೆಗಳು. ಗೃಹರಕ್ಷಕ ದಳ ನಮ್ಮ ರಾಜ್ಯದಲ್ಲಿ 1962ರ ಕಾಯ್ದೆಯಿಂದಲೇ ಇದೆ, ಆದರೆ ಅವರ ದಿನಗಳು ಬಂದೋಬಸ್ತು, ಟ್ರಾಫಿಕ್‌ನಲ್ಲೇ ಕಳೆಯುತ್ತವೆ. ವರ್ಷಕ್ಕೆ ಹತ್ತು ದಿನ ಅವರನ್ನು ಅಗ್ನಿಶಾಮಕ ಠಾಣೆಗೆ ಜೋಡಿಸಿ ರಕ್ಷಣಾ ಕೆಲಸ ಕಲಿಸಿದರೆ, ಹೊಸ ಕಾಯ್ದೆಯೂ ಬೇಡ, ಹೊಸ ಇಲಾಖೆಯೂ ಬೇಡ.

ಮೂರನೆಯ ಉತ್ತರದ ಮೀಸಲು ಪಡೆಯನ್ನು ನಾನೂ ಒಪ್ಪುತ್ತೇನೆ. ಅದಕ್ಕೆ ಎರಡು ಸೇರಿಸಬೇಕು. ಒಂದು, ಕರೆಯ ತಿಂಗಳು. ಮಳೆ ಆಶ್ರಯದ ರೈತನನ್ನು ಜೂನ್-ಜುಲೈ ಬಿತ್ತನೆಗೂ ಸುಗ್ಗಿಗೂ ಕರೆದರೆ ಅವನು ಬರುವುದಿಲ್ಲ. ಬಂದರೂ ಮನಸ್ಸು ಹೊಲದಲ್ಲಿರುತ್ತದೆ. ಫೆಬ್ರವರಿ, ಮಾರ್ಚ್ ಸೂಕ್ತ. ಸ್ವಿಸ್ಸರು ಮುಂದಿನ ವರ್ಷದ ಪುನರಭ್ಯಾಸದ ದಿನಾಂಕಗಳನ್ನು ಮುಂಚಿತವಾಗಿಯೇ ಪ್ರಕಟಿಸುತ್ತಾರೆ, ನಾವೂ ಹಾಗೇ ಮಾಡಬೇಕು.

ಎರಡು, ಫೈರಿಂಗ್ ರೇಂಜ್. ಪಟ್ಟಿಯಲ್ಲಿ 3 ಲಕ್ಷ ಮಂದಿ ಇದ್ದಾರೆಂದುಕೊಳ್ಳಿ. ಒಬ್ಬರಿಗೆ 20 ಗುಂಡೆಂದರೆ 60 ಲಕ್ಷ ಗುಂಡು. ಇದು ದೊಡ್ಡ ಸಮಸ್ಯೆಯಲ್ಲ. ಒಬ್ಬರಿಗೆ ತಯಾರಿ, ಹೊಡೆತ, ಅಂಕ ನೋಡುವುದು ಸೇರಿ 25 ನಿಮಿಷ. ಹತ್ತು ಸಾಲಿನ ರೇಂಜ್‌ನಲ್ಲಿ ಆರು ಗಂಟೆಗೆ 140 ಮಂದಿ. ಅಲ್ಲಿಗೆ 3 ಲಕ್ಷ ಮಂದಿಗೆ 2,100ಕ್ಕೂ ಹೆಚ್ಚು ರೇಂಜ್-ದಿನ, ಅದೂ ಎರಡೇ ತಿಂಗಳಲ್ಲಿ. ಅಂದರೆ ಭಾನುವಾರ ಬಿಟ್ಟು 50 ದಿನ ಬಿಡುವಿಲ್ಲದೆ ನಡೆಯುವ 42-43 ರೇಂಜ್‌ಗಳು ಈ ಪಡೆಗೆಂದೇ ಬೇಕು. ಊರುಗಳು ಬೆಳೆದು ಹಳೆಯ ರೇಂಜ್‌ಗಳ ಬೇಲಿಗೆ ತಾಗಿರುವಾಗ, ಹಿಂದೆ ಗುಡ್ಡವಿರುವ, ಗುಂಡು ದಾಟದ ಜಾಗವನ್ನು ಜಿಲ್ಲೆಗಳಲ್ಲಿ ಗುರುತಿಸಿ ಕಂದಾಯ ದಾಖಲೆಯಲ್ಲಿ ಕಾಯ್ದಿರಿಸುವುದು ಮೊದಲ ಕೆಲಸ. ಭರ್ತಿ ರ‍್ಯಾಲಿ ಅದರ ನಂತರ.